ಅಂಚೆಯಲ್ಲಿ ಬಂದ ಮಾಟ

ತೆಂಗಿನಕಾಯಿಗೆ ಮೂರು ಕಣ್ಣಿವೆ, ಅದು ನೋಡಿಕೊಂಡೇ ಬೀಳುತ್ತದೆ, ಮನುಷ್ಯರ ತಲೆಯ ಮೇಲೆ ಬೀಳುವುದಿಲ್ಲ ಎಂಬುದು ತಿಪಟೂರು ಸೀಮೆಯವರ ನಂಬಿಕೆ. ಈ ನಂಬಿಕೆಯ ಬಲದ ಮೇಲೆಯೇ ಅವರು ಮರದ ಬುಡದಲ್ಲಿ ಹಸು ಕಟ್ಟುತ್ತಾರೆ, ಮಧ್ಯಾಹ್ನದ ಹೊತ್ತು ಟವಲು ಹಾಸಿ ಮಲಗುತ್ತಾರೆ. ನೊಣವಿನಕೆರೆಗೆ ಹತ್ತಿರದ ಚಿಕ್ಕಮಾರನಪಾಳ್ಯದ ಬೆಟ್ಟಸ್ವಾಮಿಯೂ ಹಾಗೆಯೇ ಬದುಕಿದ್ದ. ಮರದ ಕಾಯಿ ಒಂದೂ ಅವನ ಮೇಲೆ ಬೀಳಲಿಲ್ಲ. ಬಿದ್ದದ್ದು ಅಟ್ಟದ ಕಾಯಿ. ಕೊಬ್ಬರಿಯಾಗಲೆಂದು ವರ್ಷವಿಡೀ ಕತ್ತಲಲ್ಲಿ ಕೂತ ಕಾಯಿಗಳಿಗೆ ಕಣ್ಣು ಮಂಜಾಗಿದ್ದರೆ ಅವುಗಳ ತಪ್ಪೆನ್ನಲಾಗದು.

ಆಷಾಢದ ಒಂದು ಬೆಳಗ್ಗೆ ಬೆಟ್ಟಸ್ವಾಮಿ ನಡುಮನೆಯಲ್ಲಿ ಕೂತು ರಾಗಿರೊಟ್ಟಿ ತಿನ್ನುತ್ತಿದ್ದಾಗ ಅಟ್ಟದ ತೊಲೆ ಮುರಿಯಿತು. ಇಡೀ ವರ್ಷದ ಫಸಲು ದಡದಡನೆ ಸುರಿದು ಅವನು ಕಾಣದಾದ. ರಾಶಿಯಿಂದ ಹೊರಗಿದ್ದದ್ದು ರೊಟ್ಟಿ ಹಿಡಿದ ಬಲಗೈ ಒಂದೇ. ಗೋಡೆಯಾಚೆಯ ಕಲ್ಲಮ್ಮ ಸದ್ದು ಕೇಳಿ ಓಡಿಬಂದು, "ರೊಟ್ಟಿ ಅಳ್ಳಾಡ್ತೈತೆ! ಜೀವ ಐತೆ ಬನ್ರಪ್ಪೋ!" ಎಂದು ಊರಿಗೇ ಕೇಳುವಂತೆ ಕೂಗಿದಳು. ಕಾಯಿ ಸುಲಿಯುವ ದುರ್ಗಯ್ಯ ಬಂದು ರಾಶಿಯನ್ನು ಎರಡೂ ಕೈಯಲ್ಲಿ ಬಗೆದು ಹಿಂದಕ್ಕೆ ಎಸೆದ. ನಿವೃತ್ತ ಹೆಡ್‌ಮೇಷ್ಟರು ಕಾಡಸಿದ್ದಪ್ಪನವರು ತಮ್ಮ ಗಾಡಿ ಕಟ್ಟಿಸಿ, ಮಂಚದ ಸಮೇತ ಬೆಟ್ಟಸ್ವಾಮಿಯನ್ನು ತಿಪಟೂರಿನ ಆಸ್ಪತ್ರೆಗೆ ಸಾಗಿಸಿದರು.

ಕಾಲು ಮುರಿದಿತ್ತು. ಅವನು ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದ ಅಷ್ಟೂ ಕಾಲ ಮೇಷ್ಟರ ಪಂಪ್‌ಸೆಟ್ಟಿನ ನೀರು ಅವನ ತೋಟಕ್ಕೆ ಹರಿಯಿತು. ದುರ್ಗಯ್ಯ ಅವನ ಕಾಯನ್ನೆಲ್ಲ ಸುಲಿದು ಕೊಬ್ಬರಿ ಮಾಡಿ ಮಂಡಿಗೆ ಮುಟ್ಟಿಸಿದ. ಬೆಟ್ಟಸ್ವಾಮಿಯ ಹೆಂಡತಿ ಗುರುಸಿದ್ದಮ್ಮ ಗಂಡನ ಜೊತೆ ಆಸ್ಪತ್ರೆಯಲ್ಲಿದ್ದಾಗ ಅವರ ಎಮ್ಮೆಗೆ ಕಲ್ಲಮ್ಮನೇ ತಾಯಿಯಾದಳು. ಎಮ್ಮೆ ಈಗಲೂ ಕರೆದರೆ ಮೊದಲು ಆ ಗೋಡೆಯ ಕಡೆ ತಿರುಗುತ್ತದೆ.

ಕಾರ್ತಿಕದಲ್ಲಿ ಬೆಟ್ಟಸ್ವಾಮಿ ಎದ್ದು ಓಡಾಡಿದ. ಕಾಲು ಸ್ವಲ್ಪ ಎಳೆಯುತ್ತಿತ್ತು. ಅದು ಅವನಿಗೆ ಭಾರವಾಗಲಿಲ್ಲ. ಭಾರವಾದದ್ದು ಎದೆ. ನಮ್ಮ ಕಡೆ ಉಪಕಾರ ಮಾಡುವುದಕ್ಕೆ ನೂರು ದಾರಿಗಳಿವೆ. ಮಾಡಿಸಿಕೊಂಡವನು ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ಮಾತ್ರ ಒಂದೂ ಇಲ್ಲ. ಹೇಳಬೇಕೆಂದು ಅವನು ಪ್ರಯತ್ನ ಮಾಡಲಿಲ್ಲವೆಂದಲ್ಲ. ಒಂದು ಸಂಜೆ ಅರಳಿಕಟ್ಟೆಯಲ್ಲಿ ದುರ್ಗಯ್ಯನ ಪಕ್ಕ ಹೋಗಿ ಕೂತ.

"ದುರ್ಗಯ್ಯ…"

"ಏನ್ ಸ್ವಾಮಣ್ಣ?"

"ಏನಿಲ್ಲ. ಒಂದು ಬೀಡಿ ಐತಾ?"

ಬೆಟ್ಟಸ್ವಾಮಿ ಹುಟ್ಟಿದಾಗಿನಿಂದ ಬೀಡಿ ಸೇದಿದವನಲ್ಲ. ಸೇದಿ, ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡು ಮನೆಗೆ ಬಂದ. ಮೊದಲಿದ್ದ ಋಣದ ಮೇಲೆ ಈಗ ಒಂದು ಬೀಡಿಯ ಋಣವೂ ಸೇರಿತ್ತು. ಕಲ್ಲಮ್ಮನ ಬಾಗಿಲಿಗೆ ಹೋಗಿ, "ಕಲ್ಲಕ್ಕಾ, ನೀನು ಅವತ್ತು…" ಎಂದ. "ಅವತ್ತು ಏನ್ಲಾ?" ಎಂದು ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಅವತ್ತು ನಮ್ಮೆಮ್ಮೆ ಹಿಂಡಿ ತಿಂತಾ?" ಎಂದು ಕೇಳಿ ಹಿಂತಿರುಗಿದ. ಮೇಷ್ಟರ ಮುಂದೆಯಂತೂ ಅವನಿಗೆ ಮೂರನೇ ಕ್ಲಾಸಿನ ಮಗ್ಗಿ ತಪ್ಪಿದ ದಿನವೇ ನೆನಪಿಗೆ ಬರುತ್ತಿದ್ದುದರಿಂದ ಬಾಯಿ ತೆರೆಯುವ ಪ್ರಶ್ನೆಯೇ ಇರಲಿಲ್ಲ.

ಹೀಗಿರುವಾಗ ಡಿಸೆಂಬರಿನಲ್ಲಿ ಒಂದು ದಿನ ಅವನು ತಿಪಟೂರಿನ ಮಂಡಿಗೆ ಹೋದ. ಸಾಹುಕಾರರ ಮೇಜಿನ ಮೇಲೆ ಹೂವಿನ ಅಚ್ಚು ಒತ್ತಿದ, ಚಿನ್ನದ ಅಂಚಿನ ಒಂದು ಕಾಗದ ಬಾಯಿ ತೆರೆದು ನಿಂತಿತ್ತು.

"ಯಾರ ಮದ್ವೆ ಸಾಹುಕಾರ್ರೇ?"

"ಮದ್ವೆ ಅಲ್ಲ ಕಣಯ್ಯ. ಗ್ರೀಟಿಂಗ್ ಕಾರ್ಡು. ನಮ್ ಬೊಂಬಾಯಿ ಗಿರಾಕಿ ಕಳ್ಸವ್ನೆ. ಹೊಸ ವರ್ಷ ಬತ್ತಲ್ಲ, ಅದಕ್ಕೆ."

"ಏನ್ ಬೇಕಂತೆ?"

"ಏನೂ ಬೇಡ್ವಂತೆ."

"ಏನಾರ ಕೊಡ್ತಾನಂತಾ?"

"ಏನೂ ಇಲ್ಲ ಕಣಯ್ಯ. ನಿಮ್ಮನ್ನ ನೆನೆಸ್ಕೊಂಡ್ವಿ, ನೀವು ಚೆನ್ನಾಗಿರಿ ಅಂತ. ಅಷ್ಟೇ."

ಬೆಟ್ಟಸ್ವಾಮಿ ಬಾಯಿ ಬಿಟ್ಟುಕೊಂಡು ನಿಂತ. ಬಾಯಿ ತೆರೆಯದೆ, ಮುಖ ನೋಡದೆ, ಬೀಡಿ ಸೇದದೆ, ಎದೆಯಲ್ಲಿರುವುದನ್ನು ಇನ್ನೊಬ್ಬರಿಗೆ ಮುಟ್ಟಿಸುವ ಉಪಾಯವೊಂದು ಜಗತ್ತಿನಲ್ಲಿದೆ. ಬೊಂಬಾಯಿಯ ಜನ ಅದನ್ನು ಇಷ್ಟು ದಿನ ತಮ್ಮಲ್ಲೇ ಇಟ್ಟುಕೊಂಡಿದ್ದರು!

ಅಂಗಡಿಯ ಕಾರ್ಡು ಕೊಳ್ಳಬಹುದಿತ್ತು. ಆದರೆ ದುರ್ಗಯ್ಯ ತನ್ನ ಕೈಯಿಂದ ಕಾಯಿ ಬಗೆದಿದ್ದ. ಅದಕ್ಕೆ ಯಾವನೋ ಶಿವಕಾಶಿಯಲ್ಲಿ ಅಚ್ಚು ಹಾಕಿದ್ದನ್ನು ಕೊಡುವುದು ಬೆಟ್ಟಸ್ವಾಮಿಯ ಮನಸ್ಸಿಗೆ ಬರಲಿಲ್ಲ. ಕೈಯಾರೆ ಮಾಡಬೇಕು. ಪುಸ್ತಕಕ್ಕೆ ರಟ್ಟು ಹಾಕುವವನ ಹತ್ತಿರ ಬಣ್ಣಬಣ್ಣದ ಅಲೆಯಿರುವ ಕಾಗದ ತಂದ. ದಸರೆಯ ಗೊಂಬೆಗೆ ಅಂಟಿಸುವ ಚಿನ್ನದ ಬಣ್ಣದ ಜರಿ ಕಾಗದ ತಂದ. ರಬ್ಬರ್ ಸ್ಟ್ಯಾಂಪಿಗೆ ಹಾಕುವ ಕೆಂಪು ಇಂಕಿನ ಸೀಸೆ ತಂದ. ಇಂಕು ನೀರಾಗಿ ಕಂಡದ್ದರಿಂದ ಅದಕ್ಕೆ ದೇವರ ಗೂಡಿನ ಕುಂಕುಮ ಬೆರೆಸಿ ಗಟ್ಟಿ ಮಾಡಿದ. ಕಪ್ಪಿಗೆ ಬುಡ್ಡಿದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿದ.

ಇನ್ನು ಅಚ್ಚು. ನಿಂಬೆಹಣ್ಣನ್ನು ಅಡ್ಡಕ್ಕೆ ಕೊಯ್ದು ಕೆಂಪಿನಲ್ಲಿ ಅದ್ದಿ ಒತ್ತಿದರೆ ಎಷ್ಟು ಚಂದದ ಚಕ್ರ ಮೂಡುತ್ತದೆ ಎಂಬುದನ್ನು ಅವನು ತಾನೇ ಕಂಡುಹಿಡಿದು ತಾನೇ ಬೆರಗಾದ. ತೆಂಗಿನ ಚಿಪ್ಪಿನ ಕಣ್ಣಿರುವ ತುದಿಯನ್ನು ಚಪ್ಪಡಿಗೆ ಉಜ್ಜಿ ಸಮ ಮಾಡಿ ಕಪ್ಪಿನಲ್ಲಿ ಒತ್ತಿದ. ದುಂಡಗಿನ ಕಪ್ಪು ಮುಖ, ಅದರಲ್ಲಿ ಮೂರು ಬಿಳಿ ಕಣ್ಣು. ಕಾಯಿಯಿಂದ ಕಾಪಾಡಿದವರಿಗೆ ಕಾಯಿಯದೇ ಗುರುತು. ಇದಕ್ಕಿಂತ ಅರ್ಥವತ್ತಾದದ್ದು ಬೊಂಬಾಯಿಯವನ ಕಾರ್ಡಿನಲ್ಲೂ ಇರಲಿಲ್ಲ.

ಕೊನೆಗೆ ಅಕ್ಷರ. ಕಾರ್ಡೆಂದ ಮೇಲೆ ಇಂಗ್ಲಿಷೇ ಇರಬೇಕು. ಬೆಟ್ಟಸ್ವಾಮಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಾಹುಕಾರರ ಕಾರ್ಡಿನಲ್ಲಿ ಬಳ್ಳಿಯಂತೆ ಬಳುಕುವ ಅಕ್ಷರಗಳಲ್ಲಿದ್ದ 'ಹ್ಯಾಪಿ ನ್ಯೂ ಇಯರ್' ಅನ್ನು ಅವನು ರಂಗೋಲಿ ನೋಡಿ ಬರೆದುಕೊಳ್ಳುವಂತೆ ಬರೆದುಕೊಂಡು ಬಂದಿದ್ದ. ಅದನ್ನು ಕೊರೆಯಲು ರಬ್ಬರು ಬೇಕಾಯಿತು. ಮನೆಯಲ್ಲಿದ್ದ ಒಳ್ಳೆಯ ರಬ್ಬರೆಂದರೆ ಗುರುಸಿದ್ದಮ್ಮನ ಹೊಸ ಹವಾಯಿ ಚಪ್ಪಲಿ. ಎಡಗಾಲಿನ ಅಟ್ಟೆಯ ಮೇಲೆ ಅಕ್ಷರಗಳನ್ನು ಒಂದು ಗೀಟೂ ತಪ್ಪದಂತೆ, ಓದುವವರಿಗೆ ಹೇಗಿರಬೇಕೋ ಹಾಗೆಯೇ, ಎಡದಿಂದ ಬಲಕ್ಕೆ ಕೊರೆದ.

ಅಚ್ಚು ಕೊರೆಯುವುದನ್ನು ಬಲ್ಲ ಓದುಗರು ಇಲ್ಲಿ ನಕ್ಕಿರಬಹುದು. ಬೆಟ್ಟಸ್ವಾಮಿ ನಗಲಿಲ್ಲ. ಒತ್ತಿದಾಗ ಮೂಡಿದ್ದು ಅವನ ಕಣ್ಣಿಗೆ ಸಂಪೂರ್ಣ ಇಂಗ್ಲಿಷಾಗಿಯೇ ಕಂಡಿತು.

"ನನ್ ಎಡಗಾಲಿನ ಚಪ್ಲಿ ನೋಡಿದ್ರೇನ್ರೀ?" ಎಂದು ಗುರುಸಿದ್ದಮ್ಮ ಹಟ್ಟಿಯಿಂದ ಕೇಳಿದಳು.

"ನಾಯಿ ಕಚ್ಕೊಂಡು ಹೋಗಿರ್ಬೇಕು ಕಣೇ."

"ಎಷ್ಟು ಬುದ್ಧಿವಂತ ನಾಯಿ! ಹಳೇದು ಬುಟ್ಟು ಹೊಸದೇ ನೋಡ್ಕಂಡು ತಗಂಡೋಗೈತೆ."

ಮೂರು ಕಾರ್ಡುಗಳಾದವು. ಲಕೋಟೆಗೆ ಹಾಕಿ ಗೋಂದು ಬಳಿದು, ತನ್ನದೇ ಊರಿನ ಮೂವರು ನೆರೆಯವರಿಗೆ ತಿಪಟೂರಿನವರೆಗೆ ಬಸ್ಸಿನಲ್ಲಿ ಹೋಗಿ ಅಂಚೆಗೆ ಹಾಕಿ ಬಂದ. ಅಂಚೆಯಲ್ಲಿ ಬಂದರೇ ಅದರ ಗೌರವ. ಹಿಂತಿರುಗುವ ಬಸ್ಸಿನಲ್ಲಿ ನೊಣವಿನಕೆರೆ ದಾಟುವಾಗ, ಒಳಗೆ ಎಲ್ಲೂ ತನ್ನ ಹೆಸರು ಬರೆದಿಲ್ಲವೆಂಬುದು ನೆನಪಾಯಿತು. ಮೊದಲು ಎದೆ ಧಸಕ್ಕೆಂದಿತು. ಆಮೇಲೆ ಸಮಾಧಾನ ಮಾಡಿಕೊಂಡ. ಇಂಥ ಕೆಲಸವನ್ನು ಯಾರು ಮಾಡಿದರೆಂದು ನೋಡಿದ ಕೂಡಲೇ ಗೊತ್ತಾಗದೆ ಇದ್ದೀತೆ?

ಕಲ್ಲಮ್ಮನಿಗೆ ಓದು ಬಾರದು. ಪೋಸ್ಟ್‌ಮ್ಯಾನ್ ಕೊಟ್ಟ ಲಕೋಟೆಯನ್ನು ಅವಳು ಜಗಲಿಯ ಮೇಲೆ ಕೂತು ಬಿಡಿಸಿದಳು. ನಿಂಬೆಹಣ್ಣಿನ ವಾಸನೆ ಬಂತು. ಕೊಯ್ದ ನಿಂಬೆಹಣ್ಣನ್ನು ಅವಳು ಅಡಿಗೆಮನೆಯಲ್ಲಿ ನೋಡಿದ್ದಳು, ಮೂರು ದಾರಿ ಕೂಡುವಲ್ಲಿಯೂ ನೋಡಿದ್ದಳು. ಕುಂಕುಮ ಮೆತ್ತಿದ್ದು ಅಡಿಗೆಮನೆಯದಲ್ಲ. ನಡುವೆ ಮೂರು ಕಣ್ಣಿನ ಒಂದು ಕಪ್ಪು ಮುಖ ಅವಳನ್ನೇ ನೋಡುತ್ತಿತ್ತು. ಕಲ್ಲಮ್ಮ ಕೂಗಲಿಲ್ಲ. ಒಳಗೆ ಹೋಗಿ ಒಲೆಯ ಇಕ್ಕಳ ತಂದು, ಅದರಲ್ಲಿ ಕಾರ್ಡು ಹಿಡಿದು, ಕೈಯನ್ನು ಮೈಯಿಂದ ದೂರಕ್ಕೆ ಚಾಚಿಕೊಂಡು ಮೇಷ್ಟರ ಮನೆಗೆ ನಡೆದಳು.

ಅಲ್ಲಿ ದುರ್ಗಯ್ಯ ಆಗಲೇ ಕಂಬಕ್ಕೆ ಒರಗಿ ಕೂತಿದ್ದ. ಅವನ ಕಾರ್ಡು ಅಂಗಳದಲ್ಲಿ ಬುಟ್ಟಿಯ ಕೆಳಗಿತ್ತು. ಬುಟ್ಟಿಯ ಮೇಲೆ ಕಲ್ಲಿತ್ತು.

"ಮಾಟ, ಗೀಟ ಎಲ್ಲಾ ಮೂಢನಂಬಿಕೆ," ಎಂದು ಮೇಷ್ಟರು ಕನ್ನಡಕ ಏರಿಸಿದರು. "ಕೊಡಿಲ್ಲಿ. ಓದಿದ್ರೆ ಗೊತ್ತಾಗತ್ತೆ."

ಓದಿದರು. ತಿರುಗಿಸಿ ಓದಿದರು. ಒಂದೆರಡು ಅಕ್ಷರ ಪರಿಚಯದವರ ಹಾಗೆ ಕಂಡರೂ ಉಳಿದವೆಲ್ಲ ಬೆನ್ನು ತಿರುಗಿಸಿಕೊಂಡು ನಿಂತಿದ್ದವು.

"ಇಂಗ್ಲಿಷಾ ಮೇಷ್ಟ್ರೇ?" ಎಂದ ದುರ್ಗಯ್ಯ.

"ಇಂಗ್ಲಿಷಾಗಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವೇನಯ್ಯ? ಇಂಗ್ಲಿಷಲ್ಲ. ಕನ್ನಡ ಅಲ್ಲ. ತೆಲುಗೂ ಅಲ್ಲ."

"ಮಲಯಾಳ!" ಎಂದ ದುರ್ಗಯ್ಯ ಎದ್ದು ನಿಂತು.

ಮಲಯಾಳದ ಮಾಟವನ್ನು ಬಿಡಿಸುವುದು ಎಷ್ಟು ಕಷ್ಟವೆಂಬುದನ್ನು ಕಾಣದಿದ್ದರೂ ಕೇಳದವರು ಆ ಸೀಮೆಯಲ್ಲಿಲ್ಲ. ಮೇಷ್ಟರು ನಿಧಾನವಾಗಿ ಒಳಗೆ ಹೋಗಿ, ಮೂಢನಂಬಿಕೆಯ ವಿರುದ್ಧ ಮೂವತ್ತು ವರ್ಷ ಪಾಠ ಹೇಳಿದ ಕೈಯಲ್ಲೇ, ಬಿಳಿ ಬಟ್ಟೆಯ ಗಂಟೊಂದನ್ನು ತಂದರು. ಅದರೊಳಗೆ ವಿಭೂತಿಯ ನಡುವೆ ಅವರ ಕಾರ್ಡಿತ್ತು.

"ನಿಮಗೂ ಬಂತಾ!" ಎಂದಳು ಕಲ್ಲಮ್ಮ. "ಊರಾಗೆ ಇಷ್ಟೊಂದು ಮನೆ ಇರುವಾಗ ನಮ್ ಮೂರು ಜನಕ್ಕೇ ಯಾಕೆ?" ಎಂದು ಹಣೆ ಒತ್ತಿಕೊಂಡು, ಇದ್ದಕ್ಕಿದ್ದಂತೆ ಕೈ ಕೆಳಗಿಳಿಸಿದಳು. "ಬೆಟ್ಟಸ್ವಾಮಿ ಕಣ್ರಪ್ಪ! ಅವತ್ತು ಅಟ್ಟ ಸುಮ್ಕೆ ಬಿತ್ತಾ? ಅದ್ಯಾವುದೋ ಅವನ್ನ ತಗಂಡೋಗಾಕೆ ಬಂದಿತ್ತು. ಸದ್ದು ಕೇಳಿ ಕೂಗ್ದೋಳು ನಾನು. ಬಗೆದು ತೆಗೆದೋನು ಇವ್ನು. ಗಾಡಿ ಕಟ್ಸಿದೋರು ನೀವು. ಅದರ ಬಾಯಿಗೆ ಬಿದ್ದ ತುತ್ತನ್ನ ನಾವು ಕಿತ್ಕಂಡ್ವಿ. ಈ ಮುಖ ನೋಡಿ, ಕಾಯಿ ಮುಖನೇ ಅಲ್ವಾ?"

ಮೂವರೂ ಬಗ್ಗಿ ನೋಡಿದರು. ಸಂಶಯವೇ ಇರಲಿಲ್ಲ.

"ಪಾಪ, ಅವನಿಗೆ ಹೇಳ್ಬೇಡಿ," ಎಂದ ದುರ್ಗಯ್ಯ. "ಎದೆ ಒಡ್ಕಂಡು ಸಾಯ್ತಾನೆ. ಆದ್ರೆ ಸದ್ಯಕ್ಕೆ ಅವನ ನೆಳ್ಳು ಸೋಕೋದು ಬ್ಯಾಡ."

ಬೆಟ್ಟಸ್ವಾಮಿ ಗರಿಗರಿಯಾದ ಪಂಚೆಯುಟ್ಟು ಜಗಲಿಯ ಮೇಲೆ ಕಾಯುತ್ತಿದ್ದ. ಕಲ್ಲಮ್ಮ ಇಕ್ಕಳ ಹಿಡಿದು ಹಿಂತಿರುಗಿದವಳು ಅವನನ್ನು ಕಂಡು ಮೂರು ಸಲ ಉಗಿದು ಬಾಗಿಲು ಹಾಕಿಕೊಂಡಳು. 'ನಾಚಿಕೆ,' ಎಂದುಕೊಂಡ ಬೆಟ್ಟಸ್ವಾಮಿ. 'ಅಕ್ಕನಿಗೆ ಇಂಥದ್ದೆಲ್ಲ ಅಭ್ಯಾಸ ಇಲ್ಲ.' ದಾರಿಯಲ್ಲಿ ಸಿಕ್ಕ ದುರ್ಗಯ್ಯ ಬೇಲಿ ಹಾರಿ ರಾಗಿ ಹೊಲದೊಳಕ್ಕೆ ಹೋದ. 'ಅವಸರದ ಕೆಲಸವಿರಬೇಕು.' ಮೇಷ್ಟರು ಅರಳಿಕಟ್ಟೆಯನ್ನು ಬಿಟ್ಟು ಕೆರೆ ಏರಿಯ ಮೇಲೆ ತಿರುಗಾಡತೊಡಗಿದರು. 'ಗಾಳಿ ಚೆನ್ನಾಗಿದೆ ಅಲ್ಲಿ.'

ಆದರೆ ವಾರ ಕಳೆಯುವ ಹೊತ್ತಿಗೆ ಅವನ ಸಮಾಧಾನಗಳು ಮುಗಿದವು. ಗುರುಸಿದ್ದಮ್ಮ ಬಾವಿಯಿಂದ ಬಂದವಳು ಕೊಡ ಕುಕ್ಕಿದಳು.

"ನಾನು ಹೋದ ತಕ್ಷಣ ಎಲ್ಲಾ ಹಗ್ಗ ಬುಟ್ಟು ದೂರ ನಿಂತ್ಕತಾರೆ. ಏನ್ ಮಾಡಿದೀರಿ ನೀವು?"

"ನಾನೇನೇ ಮಾಡ್ಲಿ?"

"ಮತ್ತೆ ಕಲ್ಲಕ್ಕ ಮಜ್ಜಿಗೆ ತಂದ್ರೆ ಗೋಡೆ ಮ್ಯಾಲಿಟ್ಟು ಓಡೋಗ್ತಾಳೆ. ಮಾತಿಲ್ಲ, ಕತೆಯಿಲ್ಲ. ಮೇಷ್ಟ್ರ ನೀರು ತೋಟಕ್ಕೆ ಬತ್ತಾ ಐತೆ, ಮೇಷ್ಟ್ರು ಮಾತ್ರ ಮುಖ ತಿರುಗಿಸ್ಕತಾರೆ. ಇದ್ಯಾವ ಸೀಮೆ ಮುನಿಸು?"

ಮಜ್ಜಿಗೆ ನಿಲ್ಲಲಿಲ್ಲ, ನೀರು ನಿಲ್ಲಲಿಲ್ಲ, ಮಾತು ಮಾತ್ರ ನಿಂತಿತು. ಬೆಟ್ಟಸ್ವಾಮಿ ಗೋಡೆಯ ಮೇಲಿನ ಮಜ್ಜಿಗೆ ಚೊಂಬನ್ನು ನೋಡುತ್ತ ಕೂತ. ಈ ಮೂವರು ಇಲ್ಲದೆ ಹೋದರೆ ಚಿಕ್ಕಮಾರನಪಾಳ್ಯದಲ್ಲಿ ತಾನು ಉಳಿದೂ ಪ್ರಯೋಜನವೇನು ಎನ್ನಿಸಿತು. ತುಂಬ ಯೋಚಿಸಿದ. ತುಂಬ ಯೋಚಿಸಿದಾಗಲೆಲ್ಲ ಅವನು ತಪ್ಪು ತೀರ್ಮಾನಕ್ಕೆ ಬರುತ್ತಿದ್ದುದು ಊರಿಗೆಲ್ಲ ತಿಳಿದ ಸಂಗತಿ. ಕಾರ್ಡು ಚಿಕ್ಕದಾಯಿತು! ಜೀವ ಉಳಿಸಿದವರಿಗೆ ಅಂಗೈಯಗಲದ ಕಾಗದ! ಅವರಿಗೆ ಬೇಸರವಾಗದೆ ಇನ್ನೇನಾದೀತು?

ಎರಡನೆಯ ಕಂತು ಸ್ಲೇಟಿನಷ್ಟಗಲವಿತ್ತು. ನಿಂಬೆಯ ಚಕ್ರ ಒಂದಲ್ಲ, ನಾಲ್ಕು ಮೂಲೆಗೂ. ಮೂರು ಕಣ್ಣಿನ ಮುಖ ಒಂದಲ್ಲ, ಸಾಲಾಗಿ. ಜರಿ ಕಾಗದಕ್ಕೆ ಗೋಂದು ಸಾಲದೆ ನಿಂಬೆಯ ನಡುನಡುವೆ ಗುಂಡುಸೂಜಿ ಚುಚ್ಚಿದ. ಮೇಲೆ ಅಂದಕ್ಕೆಂದು ಕೆಂಪು ದಾರ, ಕಪ್ಪು ದಾರ ಹೊಸೆದು ಅಡ್ಡ ಕಟ್ಟಿದ. ಈ ಸಲ ಅಂಚೆಯ ದೂರವೂ ಬೇಡ, ಮನೆಬಾಗಿಲಿಗೇ ಮುಟ್ಟಿಸುವುದು ಹೆಚ್ಚಿನ ಗೌರವ ಎಂದು, ಎಲ್ಲರೂ ಸಂತೆಗೆ ಹೋದ ಹೊತ್ತಿನಲ್ಲಿ ಒಂದೊಂದನ್ನು ಮೂವರ ಹೊಸಿಲ ಮೇಲೂ ಇಟ್ಟು ಬಂದ. ಹೆಸರು ಈ ಸಲವೂ ಬರೆಯಲಿಲ್ಲ. ಮೊದಲ ಸಲ ಮರೆತಿದ್ದ. ಈಗ ಅದೇ ವಾಡಿಕೆಯೆಂದು ತಿಳಿದಿದ್ದ.

ಸಂತೆಯಿಂದ ಬಂದ ಕಲ್ಲಮ್ಮ ಈ ಸಲ ಕೂಗಿದಳು. ರೊಟ್ಟಿ ಅಳ್ಳಾಡಿದ ದಿನ ಕೂಗಿದ್ದಕ್ಕಿಂತ ಜೋರಾಗಿ.

ಮಾರನೆಯ ದಿನವೇ ದಬ್ಬೇಘಟ್ಟದ ಕಡೆಯಿಂದ ಮಂತ್ರವಾದಿ ಬೋರಯ್ಯನನ್ನು ಕರೆಸಿದರು. ಬೋರಯ್ಯ ಆರೂ ಕಾರ್ಡುಗಳನ್ನು ನೋಡಿ, ಇನ್ನೊಂದು ಎಲೆಯಡಿಕೆ ಹಾಕಿಕೊಂಡು, ಹೇಳಿದ: "ಇದನ್ನ ಬರ್ದಿರೋದು ನರಮನುಷ್ಯ ಅಲ್ಲ. ಅದಕ್ಕೆ ಊರಿಲ್ಲ, ಕೇರಿಲ್ಲ. ಕಾಲು ನೆಲಕ್ಕೆ ತಾಗಾಕಿಲ್ಲ. ಅವತ್ತು ಅದರ ಕೆಲ್ಸ ಅರ್ಧಕ್ಕೆ ನಿಂತೈತೆ, ಅದನ್ನ ನೀವೇ ಪೂರೈಸ್ಬೇಕು. ಆ ಬೆಟ್ಟಸ್ವಾಮಿನ ನಡುವೆ ಕೂರ್ಸಿ ತಲೆ ಮ್ಯಾಲಿಂದ ಒಂದು ಗಾಡಿ ಕಾಯಿ ಸುರೀರಿ."

"ಬುಡ್ತು ಅನ್ನಯ್ಯ!" ಎಂದಳು ಕಲ್ಲಮ್ಮ. "ಕಷ್ಟಪಟ್ಟು ಉಳಿಸಿರೋ ಜೀವ. ಒಂದು ಗಾಡಿಯಂತೆ!"

"ಹೋಗ್ಲಿ, ಒಂದು ಚೀಲ."

"ಒಂದು ಬುಟ್ಟಿ," ಎಂದರು ಮೇಷ್ಟರು. "ಅದೂ ಸಿಪ್ಪೆ ಸುಲಿಯದೆ ಇರೋದು. ಪೆಟ್ಟು ಕಮ್ಮಿ."

"ಕಾಯೇ ಯಾಕೆ?" ಎಂದ ದುರ್ಗಯ್ಯ. "ಗಾಳಿಗೆ ಉದುರಿರೋ ಮಿಡಿ ಇದಾವೆ. ಮಿಡಿನೂ ಕಾಯಿ ಜಾತಿನೇ ಅಲ್ವಾ? ನಿಧಾನಕ್ಕೆ ಸುರಿಯಾಣ."

ಬೋರಯ್ಯನ ಅನುಭವದಲ್ಲಿ ಜನರು ದಕ್ಷಿಣೆಗೆ ಚೌಕಾಸಿ ಮಾಡುವುದಿತ್ತು. ಇನ್ನೊಬ್ಬನಿಗೆ ಬೀಳುವ ಪೆಟ್ಟಿಗೆ ಚೌಕಾಸಿ ಮಾಡಿದವರನ್ನು ಅವನು ಕಂಡಿರಲಿಲ್ಲ. ಕೊನೆಗೆ ಅರ್ಧ ಬುಟ್ಟಿ ಮಿಡಿಗೆ ಇತ್ಯರ್ಥವಾಯಿತು.

ಬೆಟ್ಟಸ್ವಾಮಿಗೆ ಹೇಳಿಕಳಿಸಿದರು: 'ತಲೆಗೆ ನೀರು ಹಾಕ್ಕಂಡು ಮಡಿ ಬಟ್ಟೆ ಉಟ್ಟು ಮೇಷ್ಟ್ರ ಅಂಗಳಕ್ಕೆ ಬರಬೇಕಂತೆ.' ಕೇಳಿ ಅವನ ಕಣ್ಣು ತುಂಬಿ ಬಂತು.

"ನೋಡ್ದೇನೇ?" ಎಂದ ಹೆಂಡತಿಗೆ, ಜುಬ್ಬದ ಗುಂಡಿ ಹಾಕುತ್ತ. "ದೊಡ್ಡ ಕಾರ್ಡು ಕೆಲ್ಸ ಮಾಡ್ತು."

"ಯಾವ ಕಾರ್ಡು?"

"ಬಂದ್ಮೇಲೆ ಹೇಳ್ತೀನಿ."

ಅಂಗಳದ ತುಂಬ ಜನ ಸೇರಿದ್ದರು. ಗುರುಸಿದ್ದಮ್ಮನೂ ಅವನ ಹಿಂದೆಯೇ ಬಂದು ನಿಂತಳು. ನಡುವೆ ಅರಿಸಿನ ಕುಂಕುಮದ ದೊಡ್ಡ ರಂಗೋಲಿ, ಅದರ ನಡುವೆ ಮಣೆ. ಬೋರಯ್ಯ ಕೈ ತೋರಿಸಿದ. ಬೆಟ್ಟಸ್ವಾಮಿ ಎಲ್ಲರಿಗೂ ಕೈಮುಗಿದು ಮಣೆಯ ಮೇಲೆ ಕೂತ. ಸುತ್ತಲೂ ಅವನ ಆರು ಕಾರ್ಡುಗಳನ್ನು ಸಾಲಾಗಿಟ್ಟು, ಹೂವಿಟ್ಟು, ಊದುಬತ್ತಿ ಹಚ್ಚಿದ್ದರು. ಅವನು ಕಣ್ಣೊರೆಸಿಕೊಂಡ.

"ಇಷ್ಟೆಲ್ಲಾ ಯಾಕೆ ಮಾಡೋಕೋದ್ರಿ?" ಎಂದ. ಜನ ಅದನ್ನು ಭಯದ ಮಾತೆಂದು ತಿಳಿದು ಮರುಗಿದರು.

ಬೋರಯ್ಯ ಬೇವಿನ ಸೊಪ್ಪಿನಿಂದ ಅವನ ಮುಖಕ್ಕೆ ನೀರು ಚಿಮುಕಿಸಿದ. ಪನ್ನೀರಿನ ಬದಲಿಗೆಂದು ಬೆಟ್ಟಸ್ವಾಮಿ ಅದಕ್ಕೂ ನಕ್ಕ. ದುರ್ಗಯ್ಯ ಹಿಂದಿನಿಂದ ಬುಟ್ಟಿ ಎತ್ತಿಕೊಂಡು ಬಂದು, ಮಣೆಯ ಪಕ್ಕದ ಕಟ್ಟೆಯ ಮೇಲೆ ಹತ್ತಿದ.

"ಅದೇನ್ ದುರ್ಗಯ್ಯ, ಬುಟ್ಟೀಲಿ?"

"ಮಿಡಿ ಸ್ವಾಮಣ್ಣ. ತಲೆ ಬಗ್ಸಿ ಕೂತ್ಕೋ. ನೋವಾಗ್ದಂಗೆ ಸುರೀತೀನಿ."

"ಅದ್ಯಾಕೆ ಸುರೀತೀಯೋ?" ಎಂದು ಕೇಳುವಷ್ಟರಲ್ಲಿ ಮೊದಲ ಮಿಡಿ ಅವನ ನೆತ್ತಿಯ ಮೇಲೆ ಟಣ್ಣೆಂದು ಬಿತ್ತು. "ಅಯ್ಯಯ್ಯೋ! ಸನ್ಮಾನ ಹಿಂಗಾ ಮಾಡೋದು?"

"ಅಲ್ಲಾಡಬ್ಯಾಡ!" ಎಂದು ಬೋರಯ್ಯ ಗುಡುಗಿದ. "ಈ ಯಂತ್ರ ಬರೆದಿರೋದು ಸಾಮಾನ್ಯದ್ದಲ್ಲ. ಅದರ ಕಾಲು ನೆಲಕ್ಕೆ ತಾಗಾಕಿಲ್ಲ!"

"ಯಾವ ಯಂತ್ರ? ಇದನ್ನ ಬರ್ದೋನು ನಾನು ಕಣ್ರೀ!" ಎಂದ ಬೆಟ್ಟಸ್ವಾಮಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು. "ನನ್ ಕಾಲು ನೆಲಕ್ಕೆ ತಾಗ್ತದೆ. ಒಂದು ಸ್ವಲ್ಪ ಎಳೀತದೆ, ಅಷ್ಟೇ."

ದುರ್ಗಯ್ಯ ಸುರಿಯುತ್ತಿದ್ದ ಬುಟ್ಟಿಯನ್ನು ಹಿಂದಕ್ಕೆ ಎಳೆದು ಎದೆಗೆ ಒತ್ತಿ ಹಿಡಿದ.

"ಏನಂದೆ?" ಎಂದರು ಮೇಷ್ಟರು.

"ಗ್ರೀಟಿಂಗ್ ಕಾರ್ಡು ಮೇಷ್ಟ್ರೇ. ಮಂಡಿ ಸಾಹುಕಾರ್ರಿಗೆ ಬೊಂಬಾಯಿ ಗಿರಾಕಿ ಹಾಕಿದ್ನಲ್ಲ, ಅಂಥದ್ದು. ಹ್ಯಾಪಿ ನ್ಯೂ ಇಯರ್ ಅಂತ ಬರ್ದಿದೀನಿ. ಇಂಗ್ಲಿಷು."

"ಸುಳ್ಳು ಹೇಳ್ಬೇಡ. ಅದು ಇಂಗ್ಲಿಷಲ್ಲ."

"ಇಂಗ್ಲಿಷೇ! ಬೇಕಾದ್ರೆ ಅಚ್ಚು ತೋರಿಸ್ತೀನಿ. ಗುರುಸಿದ್ದೀ, ದೇವರ ಗೂಡಿನ ಹಿಂದೆ ನಿನ್ನ…" ಎಂದವನು ಅಲ್ಲಿಗೇ ನಿಲ್ಲಿಸಿದ. ತಡವಾಗಿತ್ತು. ಗುರುಸಿದ್ದಮ್ಮ ಮನೆಗೆ ಹೋಗಿ, ದೇವರ ಗೂಡಿನ ಹಿಂದಿನಿಂದ ತನ್ನ ಎಡಗಾಲಿನ ಚಪ್ಪಲಿಯನ್ನು ಹಿಡಿದು ಬಂದಳು. ಅವಳು ಅದನ್ನು ಹಿಡಿದಿದ್ದ ರೀತಿ ನೋಡಿ ಜನ ದಾರಿ ಬಿಟ್ಟರು.

"ನಾಯಿ ಸಿಕ್ತು," ಎಂದಳು.

ಮೇಷ್ಟರು ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಕದ ಹತ್ತಿರ ತಂದು, ಅಟ್ಟೆಯ ಮೇಲೆ ಓದಿದರು. ಸ್ಪಷ್ಟವಾಗಿತ್ತು. ಒಂದು ಗೀಟೂ ತಪ್ಪಿರಲಿಲ್ಲ. "ಹ್ಯಾಪಿ ನ್ಯೂ ಇಯರ್," ಎಂದು ಗಟ್ಟಿಯಾಗಿ ಓದಿ, ತಾವು ಇಡೀ ಊರಿನ ಮುಂದೆ ಹೆಂಗಸಿನ ಎಡಗಾಲಿನ ಚಪ್ಪಲಿಯನ್ನು ಓದುತ್ತಿರುವುದು ಅರಿವಿಗೆ ಬಂದು, ಅದನ್ನು ಮೆಲ್ಲನೆ ಕೆಳಗಿಟ್ಟರು. "ಅಚ್ಚನ್ನ ತಿರುವುಮುರುವು ಕೊರೀಬೇಕು ಕಣೋ ದಡ್ಡ! ಮಗ್ಗಿ ಬರ್ದಿದ್ದ ಹಾಗೆ ಬರ್ದಿದೀಯಲ್ಲ!"

ಬೋರಯ್ಯ ಎದ್ದು, "ನಾ ಹೇಳ್ಲಿಲ್ವಾ, ಇವನಿಂದ್ಲೇ ಬಿಡುಗಡೆ ಅಂತ. ಆಯ್ತು, ಬಿಡುಗಡೆ ಆಯ್ತು," ಎಂದು ಕುಂಕುಮದ ಡಬ್ಬಿ ಮುಚ್ಚಿದ. ಅವನ ವಿದ್ಯೆಯಲ್ಲಿ ಸೋಲುವ ದಾರಿ ಇರಲಿಲ್ಲ.

"ಅದಿರ್ಲಿ," ಎಂದಳು ಕಲ್ಲಮ್ಮ, ಸೊಂಟಕ್ಕೆ ಕೈಯಿಟ್ಟು. "ಯಾಕ್ಲಾ ಮಾಡ್ದೆ?"

ಬೆಟ್ಟಸ್ವಾಮಿ ಮಣೆಯ ಮೇಲೆ ತಲೆ ತಗ್ಗಿಸಿದ. ಬೀಡಿ ಕೇಳುವಂತಿರಲಿಲ್ಲ. ಎಮ್ಮೆಯ ವಿಷಯ ಎತ್ತುವಂತಿರಲಿಲ್ಲ.

"ನೀವು ಮೂರು ಜನ ಮಾಡಿದ ಉಪಕಾರಕ್ಕೆ…" ಎಂದ. "ಹೇಳ್ಬೇಕು ಅನ್ಕಂಡೆ. ಬಾಯಿ ಬರ್ಲಿಲ್ಲ."

ಮಾಟವೆಂದು ತಿಳಿದಾಗ ಕಲ್ಲಮ್ಮ ಹೆದರಿದ್ದಳಷ್ಟೇ. ಈಗ ನಿಜವಾಗಿ ಸಿಟ್ಟಾದಳು.

"ಉಪಕಾರ! ನೋಡ್ರಪ್ಪ, ಉಪಕಾರವಂತೆ! ನಾವೇನು ದಾರೀಲಿ ಹೋಗೋರಾ ನಿನಗೆ ಉಪಕಾರ ಮಾಡಾಕೆ? ಗೋಡೆ ಪಕ್ಕದ ಮನೆ ಬಿದ್ರೆ ಕೂಗದೆ ಹಾಡು ಹೇಳ್ತಾರೇನ್ಲಾ? ಮಾಟನಾದ್ರೆ ಬೋರಯ್ಯ ತೆಗೀತಿದ್ದ, ಈ ಮಾತನ್ನ ಯಾರು ತೆಗೀತಾರೆ?"

"ನಾನೇನು ಬೊಂಬಾಯಿ ಗಿರಾಕಿನಾ ಸ್ವಾಮಣ್ಣ, ನಂಗೆ ಕಾರ್ಡು ಹಾಕಾಕೆ?" ಎಂದ ದುರ್ಗಯ್ಯ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. "ಒಂದು ವಾರ ಮರದ ಹತ್ರ ಹೋಗಿಲ್ಲ ನಾನು. ನೀನು ಸತ್ತೋಗ್ತೀಯ ಅಂತ ಊಟ ಸೇರಿಲ್ಲ."

ಬೆಟ್ಟಸ್ವಾಮಿ ಮಿಡಿ ಬಿದ್ದ ನೆತ್ತಿ ಸವರಿಕೊಂಡ. ಆರು ಕಾರ್ಡುಗಳ ಹದಿನೆಂಟಕ್ಕೂ ಹೆಚ್ಚು ಕಣ್ಣುಗಳು ಅವನನ್ನು ನೋಡುತ್ತಿದ್ದವು. ಆಗ ಗುರುಸಿದ್ದಮ್ಮ ಚಪ್ಪಲಿಯನ್ನು ಕಾಲಿಗೆ ಮೆಟ್ಟಿ, ಮುಂದೆ ಬಂದಳು.

"ಬೈಯೋದನ್ನ ಆಮೇಲೆ ಬೈಯಿ ಕಲ್ಲಕ್ಕ. ಹಿತಕಿದ ಬೇಳೆ ಸಾರು ಇಟ್ಟಿದೀನಿ. ಎಲ್ಲಾ ಬನ್ನಿ ಮನೆಗೆ. ಬರದೆ ಇದ್ರೆ ಈವಯ್ಯ ಇನ್ನೂ ದೊಡ್ಡ ಕಾರ್ಡು ಮಾಡ್ತಾನೆ. ನಂಗೆ ಇನ್ನೊಂದು ಚಪ್ಲಿ ಇಲ್ಲ."

ಯಾರೂ ನಗಲಿಲ್ಲ. ಮೊದಲ ಕಾರ್ಡು ಬಂದ ದಿನದಿಂದ ಆ ಮನೆಯ ಹೊಸಿಲನ್ನು ಯಾರೂ ದಾಟಿರಲಿಲ್ಲ. ಅಟ್ಟ ಬಿದ್ದ ಮನೆ. ಬೆಟ್ಟಸ್ವಾಮಿ ಮುಂದೆ ನಡೆದ. ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ. ಹಿಂದೆ ಹೆಜ್ಜೆಯ ಸದ್ದು ಹೊಸಿಲ ಹತ್ತಿರ ನಿಂತಿತು. ನಿಂತೇ ಇತ್ತು.

"ಸರ್ಕೋ ಅತ್ಲಾಗೆ, ದಾರಿಗೆ ಅಡ್ಡ ನಿಂತವ್ನೆ," ಎಂದು ಕಲ್ಲಮ್ಮ ಅವನ ಬೆನ್ನಿಗೊಂದು ಗುದ್ದಿ ಒಳಗೆ ಬಂದಳು. ಹಿಂದೆಯೇ ದುರ್ಗಯ್ಯ. ಆಮೇಲೆ ಮೇಷ್ಟರು, ತಲೆಯೆತ್ತಿ ಹೊಸ ತೊಲೆಯನ್ನು ಒಮ್ಮೆ ಪರೀಕ್ಷಿಸಿ. ಕಡೆಯಲ್ಲಿ ಬೋರಯ್ಯ, ಸಾರಿನ ವಾಸನೆ ಹಿಡಿದು.

ನಡುಮನೆಯಲ್ಲಿ, ಅಟ್ಟದ ಕೆಳಗೇ ಎಲೆ ಹಾಕಿದರು. ಅವರೆ ಕಾಲದ ಹಿತಕಿದ ಬೇಳೆಯ ಸಾರಿಗೆ ಮುದ್ದೆ ಬೀಳುತ್ತ ಹೋದಂತೆ ಬೈಗುಳಗಳು ಕಡಿಮೆಯಾಗುತ್ತ ಬಂದವು. ಮೇಷ್ಟರು ಅಚ್ಚು ಕೊರೆಯುವ ಸರಿಯಾದ ಕ್ರಮವನ್ನು ವಿವರಿಸಿದರು. ನಮ್ಮ ಅದೃಷ್ಟ, ಕಾಯಿಯ ಮುಖ ಒತ್ತಿದ್ದಾನೆ, ಎಮ್ಮೆಯ ಮುಖ ಒತ್ತಿದ್ದರೆ ಯಮನೇ ಬಂದನೆನ್ನುತ್ತಿದ್ದೆವು ಎಂದಳು ಕಲ್ಲಮ್ಮ. ದುರ್ಗಯ್ಯ ಮೊದಲ ಸಲ ನಕ್ಕು, ನೆತ್ತಿಗೆ ಹತ್ತಿ, ನೀರು ಕುಡಿದ.

ಬಡಿಸುತ್ತಿದ್ದ ಬೆಟ್ಟಸ್ವಾಮಿ ಮುದ್ದೆಯ ತಟ್ಟೆ ಹಿಡಿದು ದುರ್ಗಯ್ಯನ ಎಲೆಯ ಮುಂದೆ ನಿಂತ. ಮೂವರೂ ಊಟ ಮುಗಿಸುವುದರಲ್ಲಿದ್ದರು. ಇನ್ನೇನು ಕೈತೊಳೆಯಲು ಏಳುತ್ತಾರೆ. ಈಗ ಹೇಳದಿದ್ದರೆ ಇನ್ನಿಲ್ಲ. ಮೂವರೂ ತಲೆಯೆತ್ತಿ ನೋಡಿದರು.

"ದುರ್ಗಯ್ಯ…"

"ಏನ್ ಸ್ವಾಮಣ್ಣ?"

ಬೆಟ್ಟಸ್ವಾಮಿಯ ತುಟಿ ಅಲುಗಿತು.

"ಇನ್ನೊಂದು ಮುದ್ದೆ ಇಕ್ಕಲಾ?"

ದುರ್ಗಯ್ಯ ಗಂಟಲವರೆಗೆ ಉಂಡಿದ್ದ. ಸೊಂಟದ ಉಡುದಾರವನ್ನು ಆಗಲೇ ಸಡಿಲಿಸಿಯಾಗಿತ್ತು. ಅವನು ಬೆಟ್ಟಸ್ವಾಮಿಯ ಮುಖವನ್ನು ನೋಡಿದ, ತಟ್ಟೆಯನ್ನು ನೋಡಿದ, ಎಲೆಯ ನಡುವೆ ಜಾಗ ಮಾಡಿದ.

"ಇಕ್ಕು."

"ನಂಗೂ ಇಕ್ಕು," ಎಂದಳು ಕಲ್ಲಮ್ಮ. ಅವಳು ಅರ್ಧ ಮುದ್ದೆಗಿಂತ ಹೆಚ್ಚು ಉಂಡದ್ದನ್ನು ಊರಿನಲ್ಲಿ ಯಾರೂ ಕಂಡವರಿಲ್ಲ.

ಕೈ ತೊಳೆಯಲು ಎದ್ದಿದ್ದ ಮೇಷ್ಟರು ಮತ್ತೆ ಕೂತು, ಎಲೆಯನ್ನು ಮುಂದಕ್ಕೆ ಎಳೆದುಕೊಂಡರು.